ಎರಡು ವೈರುಗಳ ಮಾತುಕತೆ

ವಸಂತಪುರದ ವಸಂತ ವಲ್ಲಭರಾಯನ ಗುಡಿಯಿಂದ ಕನಕಪುರ ರಸ್ತೆಯ ಕಡೆ ಹೊರಟರೆ ಎಲ್ಲಾದರೊಂದು ಕಡೆ ಪಾಯ ತೋಡುವ ಸದ್ದು ಕೇಳಿಯೇ ಕೇಳುತ್ತದೆ. ನಾಲ್ಕಾರು ಅಡಿ ಮಣ್ಣು ತೆಗೆದರೆ ಕೆಳಗೆ ಸಿಗುವುದು ಲಾಲ್‌ಬಾಗಿನ ಬಂಡೆಯ ಜಾತಿಯದೇ ಕಲ್ಲು, ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆ. ಅಗೆಯುವ ಯಂತ್ರದ ಬಕೆಟ್ಟಿಗೆ ಅದು ಬಗ್ಗುವುದಿಲ್ಲ. ಬಕೆಟ್ ಬಿಚ್ಚಿ ಕಲ್ಲು ಒಡೆಯುವ ಬ್ರೇಕರ್ ಕಟ್ಟಬೇಕು.

ಕಳೆದ ಮಳೆಗಾಲದಲ್ಲಿ ಅಂಥದೊಂದು ಪಾಯದೊಳಗೆ ಯಂತ್ರ ಕೈಕೊಟ್ಟಿತ್ತು. ಯಾವ ಕಂಪನಿಯದಾದರೂ ನಮ್ಮ ಜನ ಇದನ್ನು ‘ಹಿಟಾಚಿ’ ಎಂದೇ ಕರೆಯುತ್ತಾರೆ. ಇದು ಬೇರೆ ಕಂಪನಿಯದು. ಬೆಳಿಗ್ಗೆ ಮಣ್ಣು ತೆಗೆಯುವಾಗ ಚೆನ್ನಾಗಿಯೇ ಇತ್ತು. ಬ್ರೇಕರ್ ಶುರುಮಾಡಿದ ಹತ್ತೇ ನಿಮಿಷಕ್ಕೆ ಎಂಜಿನ್ನಿನ ಸದ್ದು ಇಳಿಯಿತು, ಯಂತ್ರದ ತೋಳು, ಅಂದರೆ ಬೂಮ್, ಏಳಲಾರದೆ ಏಳತೊಡಗಿತು. ಡಿಸ್‌ಪ್ಲೇ ಮೇಲೆ ಎಂಜಿನ್ ಕಂಟ್ರೋಲರ್ ಸಂಪರ್ಕ ತಪ್ಪಿದೆ ಎನ್ನುವ ಕೋಡ್. ಕೀ ಆಫ್ ಮಾಡಿ ಆನ್ ಮಾಡಿದರೆ ಸ್ವಲ್ಪ ಹೊತ್ತು ಸರಿ, ಆಮೇಲೆ ಮತ್ತದೇ.

“ಕಂಟ್ರೋಲರ್ ಹೋಗಿದೆ ಅಂತಾರೆ ಸಾರ್, ಲಕ್ಷದ ಮೇಲಾಗುತ್ತಂತೆ,” ಅಂದರು ಯಂತ್ರದ ಮಾಲೀಕರು. ಹೊಸದಕ್ಕೆ ಹೇಳಿಬಿಡುವ ಯೋಚನೆಯಲ್ಲೇ ಇದ್ದರು.

ಇಂದಿನ ಅಗೆಯುವ ಯಂತ್ರದೊಳಗೆ ಒಂದಲ್ಲ, ಹಲವು ಪುಟ್ಟ ಕಂಪ್ಯೂಟರುಗಳಿವೆ. ಎಂಜಿನ್ನಿಗೊಂದು, ಹೈಡ್ರಾಲಿಕ್ ಪಂಪಿಗೊಂದು, ಕ್ಯಾಬಿನ್ನಿನ ಡಿಸ್‌ಪ್ಲೇಗೊಂದು. ಎಂಜಿನ್ ಎಷ್ಟು ವೇಗದಲ್ಲಿ ತಿರುಗುತ್ತಿದೆ ಎಂಬುದು ಪಂಪಿನವನಿಗೆ ಗೊತ್ತಿದ್ದರೆ ಮಾತ್ರ ಅವನು ಅದರ ಮೇಲೆ ಎಷ್ಟು ಭಾರ ಹಾಕಬಹುದೆಂದು ಲೆಕ್ಕ ಹಾಕಬಲ್ಲ. ಸೆಕೆಂಡಿಗೆ ಹತ್ತಾರು ಸಲ ಬರಬೇಕಾದ ಆ ಸುದ್ದಿ ನಿಂತುಹೋದರೆ ಯಂತ್ರ ತನ್ನನ್ನು ಕಾಪಾಡಿಕೊಳ್ಳಲು ನಿಧಾನಕ್ಕಿಳಿಯುತ್ತದೆ. ಬೂಮ್ ಸೋತದ್ದು ಅದಕ್ಕೇ. ಎಣ್ಣೆಯಲ್ಲಾಗಲಿ ಪಂಪಿನಲ್ಲಾಗಲಿ ಏನೂ ದೋಷ ಇರಲಿಲ್ಲ.

ಈ ಸುದ್ದಿಯೆಲ್ಲ ಓಡಾಡುವುದು ಒಂದಕ್ಕೊಂದು ಹೊಸೆದ ಎರಡೇ ವೈರುಗಳಲ್ಲಿ. ಇದಕ್ಕೆ ಕಂಟ್ರೋಲರ್ ಏರಿಯಾ ನೆಟ್‌ವರ್ಕ್, ಚಿಕ್ಕದಾಗಿ ‘ಕ್ಯಾನ್’ ಎಂದು ಹೆಸರು. ಜರ್ಮನಿಯ ಬಾಷ್ ಕಂಪನಿ 1983ರಲ್ಲಿ ಇದರ ಕೆಲಸ ಶುರುಮಾಡಿ 1986ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಲೋಕದ ಮುಂದಿಟ್ಟಿತು. ದಕ್ಷಿಣ ಬೆಂಗಳೂರಿನವರಿಗೆ ಬಾಷ್ ಹೊಸಬರೇನಲ್ಲ, ಆಡುಗೋಡಿಯ ಮೈಕೋ ಎಂದರೆ ಅದೇ. ಬಿಟಿಎಂ ಬಡಾವಣೆಯ ಪಕ್ಕದ ಮೈಕೋ ಲೇಔಟಿಗೆ ಹೆಸರು ಬಂದದ್ದೂ ಅಲ್ಲಿಂದಲೇ. ಭಾರಿ ವಾಹನಗಳಿಗೆಂದು ಕ್ಯಾನ್ ಮೇಲೆ ಕಟ್ಟಿದ ಜೆ-1939 ಎಂಬ ಭಾಷೆಯನ್ನು ಇಂಥ ಬಹಳಷ್ಟು ಯಂತ್ರಗಳು ಆಡುತ್ತವೆ. ಅದರ ಸಾಮಾನ್ಯ ವೇಗ ಸೆಕೆಂಡಿಗೆ 2,50,000 ಬಿಟ್.

ಎರಡು ವೈರು ಏಕೆ ಬೇಕು? ಯಾರೂ ಮಾತಾಡದಿರುವಾಗ ಎರಡರಲ್ಲೂ 2.5 ವೋಲ್ಟ್ ಇರುತ್ತದೆ. ಮಾತು ಹೊರಟಾಗ ಒಂದು 3.5ಕ್ಕೆ ಏರುತ್ತದೆ, ಇನ್ನೊಂದು 1.5ಕ್ಕೆ ಇಳಿಯುತ್ತದೆ. ಕೇಳುವವನು ನೋಡುವುದು ಇವೆರಡರ ನಡುವಿನ ಅಂತರವನ್ನು ಮಾತ್ರ. ಒಂದೇ ತೆಪ್ಪದಲ್ಲಿ ನಿಂತ ಇಬ್ಬರನ್ನು ನೆನೆಯಿರಿ: ಅಲೆ ಬಂದರೆ ಇಬ್ಬರೂ ಒಟ್ಟಿಗೆ ಏರುತ್ತಾರೆ, ಒಟ್ಟಿಗೆ ಇಳಿಯುತ್ತಾರೆ, ಅವರ ಎತ್ತರದ ವ್ಯತ್ಯಾಸ ಮಾತ್ರ ಇದ್ದಷ್ಟೇ ಇರುತ್ತದೆ. ಆಲ್ಟರ್ನೇಟರಿನಿಂದ, ಸ್ಟಾರ್ಟರಿನಿಂದ ನುಗ್ಗುವ ವಿದ್ಯುತ್ ಗದ್ದಲವೂ ಹಾಗೆಯೇ ಎರಡೂ ವೈರುಗಳನ್ನು ಒಟ್ಟಿಗೆ ಅಲುಗಿಸುತ್ತದೆ, ಮಾತು ಕೆಡುವುದಿಲ್ಲ.

ಆದರೆ ವೈರಿನ ತುದಿಯಲ್ಲಿ ಬೇರೊಂದು ತೊಂದರೆ. ಬಾವಿಯೊಳಗೆ ಕೂಗಿದರೆ ದನಿ ತಳಕ್ಕೆ ಬಡಿದು ವಾಪಸ್ಸು ಬರುವಂತೆ, ವೈರಿನ ತುದಿ ಮುಟ್ಟಿದ ಸಂಕೇತವೂ ಮರಳಿ ಬಂದು ಹೊಸ ಮಾತಿನ ಮೇಲೆ ಬೀಳುತ್ತದೆ. ಅದನ್ನು ಹೀರಿಕೊಳ್ಳಲು ಎರಡೂ ತುದಿಗೆ ಒಂದೊಂದು 120 ಓಮ್ ರೆಸಿಸ್ಟರ್ ಹಾಕಿರುತ್ತಾರೆ. ಸಮಾಂತರವಾಗಿ ನಿಂತ ಎರಡು 120 ಸೇರಿದರೆ 60. ಈ ಒಂದು ಅಂಕಿ ನೆನಪಿದ್ದರೆ ಸಾಕು, ಅರ್ಧ ರೋಗ ಸಾಧಾರಣ ಮಲ್ಟಿಮೀಟರಿನಲ್ಲೇ ಸಿಕ್ಕಿಬೀಳುತ್ತದೆ.

ಸಂಜೆ ಬಂದ ಎಲೆಕ್ಟ್ರಿಷಿಯನ್ ಕೋಡ್ ಓದಿ ಮೊದಲು ಕೇಳಿದ್ದು, “ಎಂಜಿನ್ ಆಫ್ ಆಯ್ತಾ ಅಣ್ಣ?”

“ಇಲ್ಲ, ಓಡ್ತಾನೇ ಇತ್ತು,” ಅಂದ ಆಪರೇಟರ್.

“ಹಂಗಾದ್ರೆ ಕಂಟ್ರೋಲರ್ ಬದುಕಿದೆ.”

ಇದಕ್ಕಿಂತ ದೊಡ್ಡ ಪತ್ತೇದಾರಿಕೆ ಆ ದಿನ ನಡೆಯಲಿಲ್ಲ. ಇಂಥ ಎಂಜಿನ್ನಿಗೆ ಯಾವ ಗಳಿಗೆಯಲ್ಲಿ ಎಷ್ಟು ಡೀಸೆಲ್ ಚಿಮ್ಮಬೇಕೆಂದು ಹೇಳುವುದೇ ಆ ಕಂಟ್ರೋಲರ್. ಅದು ಸತ್ತಿದ್ದರೆ ಎಂಜಿನ್ನೂ ನಿಲ್ಲಬೇಕಿತ್ತು. ಜತೆಗೆ, ಸಂಪರ್ಕ ತಪ್ಪಿದೆ ಎಂಬ ಕೋಡ್ ಬರೆಯುವುದು ಮಾತು ನಿಲ್ಲಿಸಿದವನಲ್ಲ, ಕೇಳಿಸಿಕೊಳ್ಳಲು ಕಾದು ಕೂತವನು. ಅದು ದೂರು ಮಾತ್ರ, ತೀರ್ಪಲ್ಲ. ಎಲ್ಲರೂ ಒಬ್ಬನ ಮೇಲೆಯೇ ದೂರು ಕೊಟ್ಟಿದ್ದರೆ ಅವನ ಕವಲು ವೈರು, ಫ್ಯೂಸು, ಅರ್ಥ್ ನೋಡಬೇಕು. ಎಲ್ಲರೂ ಎಲ್ಲರ ಮೇಲೆ ದೂರು ಕೊಟ್ಟಿದ್ದರೆ ಮುಖ್ಯ ವೈರನ್ನೇ ಹಿಡಿಯಬೇಕು.

ಎಲೆಕ್ಟ್ರಿಷಿಯನ್ ಬ್ಯಾಟರಿ ಬಿಚ್ಚಿದರು. ಕರೆಂಟ್ ಇರುವಾಗ ಓಮ್ ಅಳೆದರೆ ಮೀಟರ್ ಸುಳ್ಳು ಹೇಳುತ್ತದೆ. ಕ್ಯಾಬಿನ್ನಿನಲ್ಲಿದ್ದ ಒಂಬತ್ತು ಪಿನ್ನಿನ ದುಂಡು ಸಾಕೆಟ್ಟಿನ ಸಿ ಮತ್ತು ಡಿ ಪಿನ್ನುಗಳಿಗೆ ಮೀಟರ್ ಹಿಡಿದರು. 60. ಎಲ್ಲ ಸರಿ! ಮಾಲೀಕರ ಮುಖ ಬಾಡಿತು. ಎಲೆಕ್ಟ್ರಿಷಿಯನ್ ಮಾತ್ರ ಮೀಟರಿನಿಂದ ಕಣ್ಣು ತೆಗೆಯದೆ ಹುಡುಗನೊಬ್ಬನಿಗೆ ಎಂಜಿನ್ ಬಳಿಯ ವೈರಿಂಗ್ ಕಟ್ಟನ್ನು ಅಲ್ಲಾಡಿಸಲು ಹೇಳಿದರು. ಒಂದು ಕನೆಕ್ಟರ್ ಬಳಿ ಅವನ ಕೈ ಬಂದಾಗ ಅಂಕಿ ಹಾರಿತು: 120. ಕೈ ಬಿಟ್ಟರೆ 60. ಒಂದು ತುದಿಯ ರೆಸಿಸ್ಟರ್ ಬಂದು ಹೋಗಿ ಮಾಡುತ್ತಿತ್ತು, ಅದರ ಜತೆ ಎಂಜಿನ್ ಕಂಟ್ರೋಲರೂ.

ಕನೆಕ್ಟರ್ ಬಿಚ್ಚಿದರೆ ಒಳಗಿನ ರಬ್ಬರ್ ಸೀಲ್ ಮಡಚಿಕೊಂಡಿತ್ತು. ಒಂದು ಪಿನ್ನಿನ ಬುಡದಲ್ಲಿ ತಾಮ್ರದ ಹಸಿರು ಕಿಲುಬು. ಜೋರು ನೀರು ಬಿಟ್ಟು ಯಂತ್ರ ತೊಳೆದಾಗ ಒಳಹೊಕ್ಕ ನೀರು ಅಲ್ಲೇ ಕೂತು ಪಿನ್ನನ್ನು ತಿಂದಿತ್ತು. ಬ್ರೇಕರಿನ ಅದುರು ಉಳಿದ ಕೆಲಸ ಮಾಡಿತ್ತು. ಪಿನ್, ಸೀಲ್ ಎರಡನ್ನೂ ಹೊಸದು ಹಾಕಿ, ವೈರು ಜೋತಾಡದಂತೆ ಕ್ಲಾಂಪ್ ಬಿಗಿದರು. ಬ್ಯಾಟರಿ ಜೋಡಿಸಿ, ಕೀ ಆನ್ ಮಾಡಿ ವೋಲ್ಟ್ ನೋಡಿದರು. ಒಂದು ವೈರಿನಲ್ಲಿ 2.5ಕ್ಕೆ ತುಸು ಮೇಲೆ, ಇನ್ನೊಂದರಲ್ಲಿ ತುಸು ಕೆಳಗೆ. ಮಾತುಕತೆ ನಡೆಯುತ್ತಿದೆ ಎಂದರ್ಥ.

ಓಮ್ ಅಳೆದಾಗ ಮೀಟರ್ ಸೊನ್ನೆಯ ಹತ್ತಿರ ತೋರಿಸಿದ್ದರೆ ಎರಡೂ ವೈರು ಒಂದಕ್ಕೊಂದು ತಾಗಿವೆ ಎಂದು ತಿಳಿಯಬೇಕಿತ್ತು. 40 ತೋರಿಸಿದ್ದರೆ ಯಾರೋ ಮೂರನೆಯ ರೆಸಿಸ್ಟರ್ ಸೇರಿಸಿದ್ದಾರೆ. ವೋಲ್ಟ್ ಅಳೆದಾಗ ಬ್ಯಾಟರಿಯ 24ರ ಹತ್ತಿರ ಬಂದಿದ್ದರೆ ಸಿಪ್ಪೆ ಸುಲಿದ ವೈರು ಎಲ್ಲೋ ಪವರ್ ಲೈನಿಗೆ ತಾಗುತ್ತಿದೆ. ಇವು ಯಾವುದಕ್ಕೂ ಲ್ಯಾಪ್‌ಟಾಪ್ ಬೇಕಾಗಿಲ್ಲ.

ಕಂಟ್ರೋಲರ್ ಕೆಡುವುದೇ ಇಲ್ಲ ಎಂದು ನಾನು ಹೇಳುತ್ತಿಲ್ಲ. ಬ್ಯಾಟರಿ ಬಿಚ್ಚದೆ ಬಕೆಟ್ಟಿಗೆ ವೆಲ್ಡಿಂಗ್ ಮಾಡಿಸಿದರೆ ಆ ಕರೆಂಟ್ ಅಡ್ಡದಾರಿ ಹಿಡಿದು ಅದನ್ನು ಸುಟ್ಟುಹಾಕಬಹುದು. ವೆಲ್ಡಿಂಗಿನ ಅರ್ಥ್ ಕ್ಲಾಂಪನ್ನು ಬೆಸುಗೆಯ ಪಕ್ಕದಲ್ಲೇ ಕಚ್ಚಿಸಬೇಕು, ಕಂಟ್ರೋಲರಿನ ಕನೆಕ್ಟರುಗಳನ್ನೂ ಬಿಚ್ಚಿಟ್ಟರೆ ಇನ್ನೂ ಒಳ್ಳೆಯದು. ಆದರೆ ಸಾಲ ಮಾಡಿ ಒಂದೇ ಒಂದು ಯಂತ್ರ ಇಟ್ಟುಕೊಂಡು ಕಂತು ಕಟ್ಟುವವರು, ಯಾರೂ ಒಮ್ಮೆಯೂ ಅಳೆಯದ ವೈರಿನ ತಪ್ಪಿಗೆ ಲಕ್ಷ ಸುರಿಯುವುದನ್ನು ನೋಡಿದರೆ ಸಂಕಟವಾಗುತ್ತದೆ.

ಯಂತ್ರ ಇಟ್ಟುಕೊಂಡವರಲ್ಲಿ ನನ್ನದೊಂದು ಕೋರಿಕೆ. ತೊಳೆಯುವಾಗ ನೀರಿನ ಪೈಪನ್ನು ಕನೆಕ್ಟರಿನ ಮುಖಕ್ಕೆ ಹಿಡಿಯಬೇಡಿ. ಕಂಟ್ರೋಲರ್ ಬದಲಿಸಿ ಎಂದು ಯಾರೇ ಹೇಳಲಿ, ಎಷ್ಟು ಓಮ್ ಬಂತು ಎಂದು ಮೊದಲು ಕೇಳಿ. ಉತ್ತರ ಬರುವ ತನಕ ದುಡ್ಡು ಬಿಚ್ಚಬೇಡಿ.