ಟೆಸ್ಟ್‌ಗಳ ಸಾಲು ಕಲಕಿ ನೋಡಿ

2011ರಲ್ಲಿ ಜಾವಾ 7 ಬಂದಾಗ ಅನೇಕ ತಂತ್ರಾಂಶ ತಂಡಗಳಿಗೆ ವಿಚಿತ್ರ ತಲೆನೋವು ಶುರುವಾಯಿತು. ಕೋಡ್ ಮುಟ್ಟದಿದ್ದರೂ, ಅದನ್ನು ಪರೀಕ್ಷಿಸುವ, ಅದುವರೆಗೆ ಪಾಸಾಗುತ್ತಿದ್ದ ಟೆಸ್ಟ್‌ಗಳು ಫೇಲಾಗತೊಡಗಿದವು. ಬದಲಾಗಿದ್ದು ಅವು ಓಡುವ ಕ್ರಮ. ಬರೆದ ಸಾಲಿನಲ್ಲೇ ಓಡಿಸುತ್ತೇನೆಂದು ಜಾವಾ ಎಂದೂ ಮಾತು ಕೊಟ್ಟಿರಲಿಲ್ಲ. ಹಾಗೆ ಓಡುತ್ತಿದ್ದುದರಿಂದ ಜನ ನಂಬಿಬಿಟ್ಟಿದ್ದರು. ಮರುವರ್ಷ ಜಾವಾದ ಟೆಸ್ಟ್ ಸಾಧನ ಜೆಯುನಿಟ್ 4.11 ಒಂದು ನಿಶ್ಚಿತ ಕ್ರಮವನ್ನು ತಂದು ಗಲಾಟೆ ತಣ್ಣಗಾಗಿಸಿತು. ದೋಷ ಹೋಯಿತೇ? ಇಲ್ಲ, ಕಣ್ಣಿಗೆ ಬೀಳುವುದು ನಿಂತಿತು.

ಒಂದು ಟೆಸ್ಟ್ ಡೇಟಾಬೇಸ್‌ಗೆ ಗ್ರಾಹಕನೊಬ್ಬನ ಹೆಸರು ಸೇರಿಸಿ, ಅಳಿಸದೆ ಮುಗಿಯುತ್ತದೆ ಎನ್ನಿ. ಮುಂದಿನದು 'ಗ್ರಾಹಕರ ಪಟ್ಟಿ ಖಾಲಿ ಇದೆ' ಎಂದು ನಂಬಿ ಹೊರಟರೆ ಸೋಲುತ್ತದೆ. ಇದಕ್ಕಿಂತ ಅಪಾಯಕಾರಿ ಇನ್ನೊಂದು ಬಗೆ: ಹಿಂದಿನ ಟೆಸ್ಟ್ ಬಿಟ್ಟುಹೋದ ಹೆಸರನ್ನೇ ನೆಚ್ಚಿಕೊಂಡು ಪಾಸಾಗುವ ಟೆಸ್ಟ್. ಅದು ಒಂಟಿಯಾಗಿ ನಿಲ್ಲಲಾರದು, ಆದರೆ ವರ್ಷಗಟ್ಟಲೆ ಹಸಿರು ದೀಪ ತೋರಿಸುತ್ತಿರುತ್ತದೆ.

ಇಂಥವನ್ನು ಹಿಡಿಯಲು ಪ್ರತಿ ಸಲವೂ ಸಾಲನ್ನು ಕಲಕಿ ಓಡಿಸಬೇಕು. ಬರೀ ಹತ್ತು ಟೆಸ್ಟ್‌ಗಳನ್ನು 36,28,800 ರೀತಿಯಲ್ಲಿ ಜೋಡಿಸಬಹುದು, ಎಲ್ಲವನ್ನೂ ನೋಡಲು ಯಾರಿಗೆ ಪುರುಸೊತ್ತು? ನೋಡಬೇಕಾಗಿಯೂ ಇಲ್ಲ. ದೋಷ ಎರಡೇ ಟೆಸ್ಟ್‌ಗಳ ಹಿಂದುಮುಂದಿನಲ್ಲಿದ್ದರೆ, ಒಮ್ಮೆ ಕಲಕಿದಾಗ ಅದು ಬಯಲಾಗುವ ಸಂಭವ ಅರ್ಧಕ್ಕರ್ಧ. ಹತ್ತು ಸಲ ಕಲಕಿದರೂ ತಪ್ಪಿಸಿಕೊಳ್ಳುವ ಸಂಭವ 1,024ರಲ್ಲಿ ಒಂದು. ನಾಣ್ಯ ಹತ್ತು ಸಲವೂ ನಾವು ಹೇಳಿದ ಮುಖವನ್ನೇ ತೋರಿಸಿದ ಹಾಗೆ.

ಆಕ್ಷೇಪವೂ ಉಂಟು. ಇಂದು ಸೋತದ್ದು ನಾಳೆ ಗೆದ್ದರೆ ಹುಡುಕುವುದೆಲ್ಲಿ? ಅದಕ್ಕೇ 'ಸೀಡ್' ಎಂಬ ಸಂಖ್ಯೆ ಇದೆ. ಕಂಪ್ಯೂಟರಿನ ಕಲಕಾಟ ನಿಜವಾದ ಯಾದೃಚ್ಛಿಕವಲ್ಲ. ಅದೇ ಟೆಸ್ಟ್‌ಗಳಿಗೆ ಅದೇ ಸೀಡ್ ಕೊಟ್ಟರೆ ಅದೇ ಕ್ರಮ ಮರಳಿ ಬರುತ್ತದೆ. ರೂಬಿ ಭಾಷೆಯ ಟೆಸ್ಟ್ ಸಾಧನ ಆರ್‌ಸ್ಪೆಕ್ ಇನ್ನೂ ಮುಂದೆ ಹೋಗಿ, ಸಾಲನ್ನು ಅರ್ಧರ್ಧ ಕತ್ತರಿಸುತ್ತ ಕಿಡಿಗೇಡಿ ಟೆಸ್ಟನ್ನು ತಾನೇ ಹುಡುಕಿಕೊಡಬಲ್ಲದು. ಅದೇ ಭಾಷೆಯ ಮಿನಿಟೆಸ್ಟ್ ಸುಮ್ಮನಿದ್ದರೂ ಕಲಕುತ್ತದೆ. ಬೇಡವೆನ್ನುವವರು ಒಂದು ಆಜ್ಞೆ ಬರೆಯಬೇಕು; ಅದರ ಹೆಸರಿನಲ್ಲೇ 'ನಾನು ಕೆಲಸಕ್ಕೆ ಬಾರದವ' ಎಂಬ ತಪ್ಪೊಪ್ಪಿಗೆ ಇದೆ! ಗೋ ಭಾಷೆ ಕಲಕುವ ಸೌಲಭ್ಯ ಕೊಟ್ಟದ್ದು 2021ರಲ್ಲಿ, 1.17ನೇ ಆವೃತ್ತಿಯಲ್ಲಿ, ಅದೂ ಕೇಳಿದವರಿಗೆ ಮಾತ್ರ.

ಒಂದು ನ್ಯಾಯ ಮಾತ್ರ ಪಾಲಿಸಬೇಕು. ಯಾರದೋ ಹಳೆಯ ದೋಷ ಇಂದು ಹೊರಬಿತ್ತೆಂದು, ಇಂದು ಕೋಡ್ ಸೇರಿಸಿದವರ ಕೆಲಸ ತಡೆಯುವುದು ಸರಿಯಲ್ಲ. ಹಳೆಯ ಯೋಜನೆಗಳಲ್ಲಿ ಮೊದಲು ರಾತ್ರಿಯ ಓಟದಲ್ಲಷ್ಟೇ ಕಲಕಿ, ಸಿಕ್ಕ ದೋಷಗಳನ್ನು ತೊಳೆಯಿರಿ. ಹೊಸ ಯೋಜನೆಯಾದರೆ ಮೊದಲ ದಿನದಿಂದಲೇ ಕಲಕಿ. ಎರಡರಲ್ಲೂ ಲಾಗ್‌ನಲ್ಲಿ ಸೀಡ್ ದಾಖಲಾಗುತ್ತಿದೆಯೇ ಎಂದು ನೋಡಿಕೊಳ್ಳಿ.