ಮನೆಯೊಳಗೊಂದು ಪುಟ್ಟ ರೈಲು

ಮಗುವಿನ ಆಟದ ರೈಲು ಕಸ ಗುಡಿಸೋವಾಗ ಅಡ್ಡ ಬರುತ್ತೆ ಅಂತ ಅಟ್ಟ ಸೇರಿದೆಯೇ? ಅದಕ್ಕೊಂದು ಹಲಗೆ ಮಾಡಿಕೊಡಿ. ಮೊದಲು ಜಾಗ ಅಳೆಯಿರಿ. ಎಚ್‌ಓ ಅಳತೆಯ (87ರಲ್ಲಿ 1 ಪಾಲು) ರೈಲು ಸುತ್ತು ತಿರುಗಲು ಸುಮಾರು 4 ಅಡಿ ಅಗಲ ಬೇಕು. ಎನ್ ಅಳತೆಗೆ (160ರಲ್ಲಿ 1) ಎರಡು, ಎರಡೂವರೆ ಅಡಿ ಸಾಕು. ಗೋಡೆಗೊರಗಿಸಿದ ಹಲಗೆ ಅದಕ್ಕಿಂತ ಅಗಲವಾದರೆ, ಹಳಿ ತಪ್ಪಿದ ಬೋಗಿಗೆ ಕೈ ಎಟುಕಬೇಕಲ್ಲ!

ಏರು ಕಡಿದಾಗದಿರಲಿ: 50 ಅಂಗುಲ ಹಳಿಗೆ 1 ಅಂಗುಲ ಎತ್ತರ. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ಏರೂ ಇದೇ ಲೆಕ್ಕದ್ದು. ರದ್ದಿ ಕಾಗದ, ಮೈದಾ ಅಂಟಿನಿಂದ ಗುಡ್ಡ ಮಾಡಿ. ತೊಳೆದು ಒಣಗಿಸಿದ ಚಹಾ ಚರಟ ಮಣ್ಣಾದೀತು. ಅಂಟು ಹಳಿಗೆ ತಾಗದಿರಲಿ, ವಿದ್ಯುತ್ತು ಹರಿಯದು.

ಸ್ಟೇಷನ್ನಿಗೆ ಹೆಸರು ಮಗುವೇ ಇಡಲಿ. ದೊಡ್ಡವರೇ ಎಲ್ಲ ಕಟ್ಟಿ “ಮುಟ್ಟಬೇಡ” ಅಂದರೆ, ಅದು ಯಾರ ರೈಲು ಹೇಳಿ?