ಒಬ್ಬಾಕಿಗೆ ಎರಡು ರೊಟ್ಟಿ

ನಮ್ಮ ಕಡೆ ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳಿಗೆ ಕೇಳುವ ಮೊದಲ ಪ್ರಶ್ನೆ ‘ಏನರ ವಿಶೇಷ?’ ಎಂಬುದು. ಗಂಡ ಊರಲ್ಲಿಲ್ಲ ಎಂದು ಗೊತ್ತಾದರೆ ಎರಡನೆಯದು ‘ಒಬ್ಬಾಕೀನೇ ಅದಿಯೇನು?’ ಮೊದಲನೆಯದಕ್ಕೆ ನಕ್ಕು ಸುಮ್ಮನಾಗಬಹುದು. ಎರಡನೆಯದಕ್ಕೆ ಹಾಗೆ ತಪ್ಪಿಸಿಕೊಳ್ಳಲು ಬರುವುದಿಲ್ಲ. ಅದರ ಬೆನ್ನಿಗೇ ‘ರಾತ್ರಿ ಜೋಡಿಗೆ ಯಾರು ಮಲಗ್ತಾರ?’ ಎಂಬ ಮೂರನೆಯ ಪ್ರಶ್ನೆ ಬಂದೇ ಬರುತ್ತದೆ.

ನಮ್ಮವರು ಹತ್ತಿ ಜಿನ್ನಿಂಗ್ ಯಂತ್ರಗಳ ಮೆಕ್ಯಾನಿಕ್. ಶಹಾಪುರದಲ್ಲಿ ನಮ್ಮ ಬಾಡಿಗೆ ಮನೆ. ದೀಪಾವಳಿ ಮುಗಿದು ಹೊಲದ ಹತ್ತಿ ಮಿಲ್ಲುಗಳಿಗೆ ಬರತೊಡಗಿದರೆ, ಶಿವರಾತ್ರಿವರೆಗೆ ಅವರು ಮನೆಯಲ್ಲಿರುವುದು ಅಪರೂಪ. ರಾಯಚೂರು, ಆದೋನಿ, ಬಳ್ಳಾರಿ... ಎಲ್ಲಿ ರೋಲರ್ ಸವೆದಿದೆಯೋ, ಎಲ್ಲಿ ಬೇರಿಂಗ್ ಕೂಗುತ್ತಿದೆಯೋ ಅಲ್ಲಿಗೆ ಹೊರಡಬೇಕು. ಹೋದರೆ ಹತ್ತು ದಿನ, ಒಮ್ಮೊಮ್ಮೆ ಹದಿನೈದು. ಮರಳಿ ಬಂದಾಗ ಅಂಗಿಯ ಕಾಲರಿನಲ್ಲಿ, ಕಿಸೆಯ ಮೂಲೆಯಲ್ಲಿ ಹತ್ತಿಯ ಎಳೆಗಳಿರುತ್ತವೆ. ಒಗೆಯುವಾಗ ಅವನ್ನು ಆರಿಸಿ ತೆಗೆಯುತ್ತಾ, ಯಾವ ಊರಿನ ಹತ್ತಿಯೋ ಎಂದುಕೊಳ್ಳುತ್ತೇನೆ.

ನನ್ನ ತವರು ಸುರಪುರ. ಅತ್ತೆಯ ಮನೆ ಯಾದಗಿರಿ ಹತ್ತಿರ, ಭೀಮಾ ದಂಡೆಯ ಒಂದು ಹಳ್ಳಿ. ಇವರು ಬ್ಯಾಗು ತುಂಬಿದ ಸುದ್ದಿ ಅದು ಹೇಗೆ ತಲುಪುತ್ತಿತ್ತೋ, ಎರಡೂ ಕಡೆಯಿಂದ ಫೋನು ಬರುತ್ತಿತ್ತು. ‘ಅಲ್ಲಿ ಒಬ್ಬಾಕಿ ಕುಂತು ಏನ್ ಮಾಡ್ತಿ? ಇಲ್ಲಿ ಬಾ.’ ಮದುವೆಯಾದ ಮೊದಲ ಹಂಗಾಮಿನಲ್ಲಿ ಒಮ್ಮೆ ಆ ಕಡೆಯ ಬಸ್ಸು, ಒಮ್ಮೆ ಈ ಕಡೆಯ ಬಸ್ಸು ಹತ್ತಿದ್ದೇ ಆಯಿತು. ಬ್ಯಾಗಿನಲ್ಲಿ ಎರಡು ಸೀರೆ, ನಾಲ್ಕು ಚೂಡಿದಾರ್, ತಳದಲ್ಲಿ ಟಿಇಟಿ ಪುಸ್ತಕಗಳು.

ಶಿಕ್ಷಕರ ಅರ್ಹತಾ ಪರೀಕ್ಷೆ ಬರೆದವರಿಗೆ ಗೊತ್ತು. ಎರಡನೇ ಪತ್ರಿಕೆಯಲ್ಲಿ 150 ಪ್ರಶ್ನೆ, ಎರಡೂವರೆ ತಾಸು. ಶಿಶು ವಿಕಾಸಕ್ಕೆ 30, ಎರಡು ಭಾಷೆಗಳಿಗೆ ತಲಾ 30, ಉಳಿದ 60 ಸಮಾಜ ವಿಜ್ಞಾನಕ್ಕೋ ಗಣಿತ–ವಿಜ್ಞಾನಕ್ಕೋ. ವಿಷಯ ಗೊತ್ತಿದ್ದರೆ ಸಾಲದು. ಎರಡೂವರೆ ತಾಸು ಕದಲದೆ ಕೂರುವ ರೂಢಿಯೂ ಬೇಕು. ಹಳೆಯ ಪ್ರಶ್ನೆಪತ್ರಿಕೆಯನ್ನು ಗಡಿಯಾರ ಇಟ್ಟುಕೊಂಡು ಒಂದೇ ಬೈಠಕ್ಕಿನಲ್ಲಿ ಬಿಡಿಸಿ ಎಂದು ಕೋಚಿಂಗ್‌ನವರೆಲ್ಲ ಹೇಳುವುದು ಇದಕ್ಕೇ.

ತವರಲ್ಲಿ ಕೂತೆ. ಹನ್ನೆರಡನೇ ಪ್ರಶ್ನೆಗೆ ಪಕ್ಕದ ಮನೆಯ ಕಾಕು ಮಾತಾಡಿಸಲು ಬಂದರು. ಮೂವತ್ತನೆಯದಕ್ಕೆ ಅವ್ವ ‘ಒಂದ್ ಸ್ವಲ್ಪ ಹಿಟ್ಟು ನಾದಿ ಕೊಡು’ ಎಂದಳು. ಅತ್ತೆಯ ಮನೆಯಲ್ಲಿ ಕೂತರೆ ಇನ್ನೂ ಮುಂಚೆಯೇ ಏಳಬೇಕಾಯಿತು. ಇದರಲ್ಲಿ ಯಾರದೂ ತಪ್ಪಿಲ್ಲ. ನಾಲ್ಕು ಜನ ಇರುವ ಮನೆಯಲ್ಲಿ ಹೆಣ್ಣುಮಗಳ ಕೈ ಖಾಲಿ ಕಂಡರೆ ಅದಕ್ಕೊಂದು ಕೆಲಸ ಹುಟ್ಟುತ್ತದೆ. ಕೈಯಲ್ಲಿ ಪುಸ್ತಕವಿದ್ದರೂ ಅದು ಖಾಲಿಯಂತೆಯೇ ಕಾಣುತ್ತದೆ.

2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ 51.83. ಇಡೀ ರಾಜ್ಯದಲ್ಲೇ ಅತಿ ಕಡಿಮೆ. ಹೆಣ್ಣುಮಕ್ಕಳದು ಶೇ 41ರ ಆಸುಪಾಸು. ಇಂಥ ಜಿಲ್ಲೆಯಲ್ಲಿ ಸಾಲ ಮಾಡಿ ಮಗಳಿಗೆ ಬಿ.ಇಡಿ ಫೀಸು ಕಟ್ಟುವ ಅಪ್ಪಂದಿರಿದ್ದಾರೆ, ನನ್ನಪ್ಪನೂ ಕಟ್ಟಿದ. ಸೊಸೆಗೆ ಪುಸ್ತಕ ಕೊಡಿಸುವ ಮಾವಂದಿರೂ ಇದ್ದಾರೆ. ಆದರೆ ಎರಡೂವರೆ ತಾಸು ಕೊಡಬೇಕು ಎಂಬುದು ಮಾತ್ರ ಯಾರಿಗೂ ಹೊಳೆಯುವುದಿಲ್ಲ. ಅದು ಅಂಗಡಿಯಲ್ಲಿ ಸಿಗುವ ವಸ್ತುವಲ್ಲವಲ್ಲ.

ಎರಡನೇ ಹಂಗಾಮಿಗೆ ನಾನು ಹೇಳಿಬಿಟ್ಟೆ, ‘ಈ ಸಲ ಶಹಾಪುರದಾಗ ಇರ್ತೀನಿ.’ ಅಪ್ಪನ ಚಿಂತೆ ‘ಮಂದಿ ಏನಂತಾರ’ ಎಂಬುದು. ಅತ್ತೆಯದು ‘ಕಳ್ಳಕಾಕರು’. ನಮ್ಮವರು ಹೆಚ್ಚು ಮಾತಿನವರಲ್ಲ. ಮಿಲ್ಲಿನ ಗುಜರಿಯಿಂದ ದಪ್ಪನೆಯ ಕಬ್ಬಿಣದ ಪಟ್ಟಿಯೊಂದನ್ನು ತಂದು, ಬಾಗಿಲಿಗೆ ಒಳಗಿನಿಂದ ಅಡ್ಡಪಟ್ಟಿ ಕೂರಿಸಿದರು. ‘ಆನಿ ಬಂದು ಗುದ್ದಿದ್ರೂ ತೆರಿಯಂಗಿಲ್ಲ’ ಎಂದರು. ಎರಡೂ ಮನೆಯವರಿಗೆ ಅವರು ಕೊಟ್ಟ ಉತ್ತರ ಅದೊಂದೇ.

ಮೊದಲ ಮೂರು ರಾತ್ರಿ ನಿದ್ದೆ ಬರಲಿಲ್ಲ. ಹುಟ್ಟಿದಾಗಿನಿಂದ ನಾನು ಒಂದು ಮನೆಯಲ್ಲಿ ಒಬ್ಬಳೇ ಮಲಗಿಯೇ ಇರಲಿಲ್ಲ ಎಂಬುದು ಆಗ ತಿಳಿಯಿತು. ತವರಲ್ಲಿ ತಂಗಿ ಪಕ್ಕಕ್ಕೆ, ಹಾಸ್ಟೆಲ್ಲಿನಲ್ಲಿ ಒಂದು ಕೋಣೆಗೆ ಆರು ಮಂದಿ. ನಡುರಾತ್ರಿ ಪಾತ್ರೆಯ ಬುಟ್ಟಿಯಲ್ಲಿ ತಟ್ಟೆ ಜಾರಿದರೆ ಎದೆ ಧಸಕ್ಕೆನ್ನುತ್ತಿತ್ತು. ಕರೆಂಟು ಹೋದಾಗ ಮೊಬೈಲ್ ಬೆಳಕಲ್ಲಿ ಅಡ್ಡಪಟ್ಟಿಯನ್ನು ಮತ್ತೆ ಮುಟ್ಟಿ ನೋಡುತ್ತಿದ್ದೆ. ನಾಲ್ಕನೆಯ ರಾತ್ರಿ ಹೊತ್ತಿಗೆ ಸದ್ದುಗಳ ಪರಿಚಯವಾಯಿತು. ಹತ್ತೂವರೆಗೆ ಹೆದ್ದಾರಿಯ ಕೊನೆಯ ಬಸ್ಸುಗಳು, ತಡರಾತ್ರಿ ಭತ್ತ ಕೊಯ್ಯುವ ಯಂತ್ರಗಳು ಸುರಪುರದ ಕಡೆ ಉರುಳುವ ಸದ್ದು, ನಸುಕಿನಲ್ಲಿ ಮಸೀದಿಯ ಆಜಾನ್, ಅದರ ಹಿಂದೆ ಗುಡಿಯ ಸುಪ್ರಭಾತ, ಆಮೇಲೆ ಹಾಲಿನವನ ಬೈಕು. ಯಾವ ಸದ್ದು ಯಾರದು ಎಂದು ಗೊತ್ತಾದ ಮೇಲೆ ಹೆದರಿಕೆ ಅರ್ಧ ಇಳಿಯಿತು. ಉಳಿದರ್ಧಕ್ಕೆ ಎದುರು ಮನೆಯ ಅಜ್ಜಿಯ ನಂಬರು, 112 ಎರಡೂ ಮೊಬೈಲಿನಲ್ಲಿದ್ದವು.

ಹೆದರಿಕೆಗಿಂತ ದೊಡ್ಡ ಸಮಸ್ಯೆ ಊಟದ್ದು. ಒಬ್ಬಾಕಿಗಾಗಿ ಏನು ಒಲೆ ಹಚ್ಚುವುದು ಎಂದು ಚಹಾ–ಬ್ರೆಡ್ಡಿನಲ್ಲಿ ದಿನ ದೂಡಬೇಕೆನಿಸುತ್ತದೆ. ಓಣಿಯ ಹೆಂಗಸರೂ ಅದನ್ನೇ ಹೇಳಿದರು, ‘ಎರಡು ರೊಟ್ಟಿ ಸಲುವಾಗಿ ಯಾರು ಹಂಚು ಇಡ್ತಾರ?’ ಅಡುಗೆ ಎಂದರೆ ಬೇರೆಯವರಿಗೆ ಬಡಿಸುವುದು ಎಂದೇ ನಾವು ಕಲಿತಿದ್ದೇವೆ. ತನಗಾಗಿ ಒಂದು ರೊಟ್ಟಿ ತಟ್ಟಿಕೊಳ್ಳುವುದು ದುಂದುವೆಚ್ಚದಂತೆ ಅನ್ನಿಸುತ್ತದೆ. ನಾನೊಂದು ನಿಯಮ ಮಾಡಿಕೊಂಡೆ. ಭಾನುವಾರ ಒಮ್ಮೆ ಕಟಕ ರೊಟ್ಟಿ ಬಡಿದು ಡಬ್ಬಿ ತುಂಬುವುದು. ಶೇಂಗಾ ಹಿಂಡಿ ಕುಟ್ಟಿ ಇಡುವುದು. ಉಳಿದ ದಿನ ಒಂದು ಪಲ್ಲೆ, ಒಂದು ಬಟ್ಟಲು ಮೊಸರು. ವಾರಕ್ಕೆರಡು ಸಲ ಮಾತ್ರ ಬಿಸಿ ರೊಟ್ಟಿ, ಎರಡೇ ಎರಡು. ತಟ್ಟೆ ಹಾಕಿಕೊಂಡು, ನೀರಿಟ್ಟುಕೊಂಡು, ಕೂತು ಉಣ್ಣುವುದು. ನಿಂತು ತಿನ್ನುವಂತಿಲ್ಲ. ಹುಡುಗಾಟದಂತೆ ಕಾಣಬಹುದು. ಆದರೆ ಹದಿನೈದು ದಿನದ ಒಂಟಿತನದಲ್ಲಿ ಆರೋಗ್ಯವನ್ನೂ ಮನಸ್ಸನ್ನೂ ಕಾಯ್ದದ್ದು ಆ ತಟ್ಟೆಯೇ.

ಹೀಗೆ ಉಳಿದ ಸಮಯದಲ್ಲಿ ಬೆಳಿಗ್ಗೆ ಹತ್ತರಿಂದ ಹನ್ನೆರಡೂವರೆ ನನ್ನ ಪರೀಕ್ಷಾ ಕೋಣೆಯಾಯಿತು. ಫೋನು ಅಡುಗೆಮನೆಯಲ್ಲಿ, ನಾನು ಪಡಸಾಲೆಯಲ್ಲಿ. ಮೊದಲ ಸಲ 150ನೇ ಪ್ರಶ್ನೆಯನ್ನು ಮುಟ್ಟಿದ ದಿನ ಹೊರಗೆ ಬಂದು ಕಟ್ಟೆಯ ಮೇಲೆ ಸುಮ್ಮನೆ ಕೂತೆ. ಅಂಕ ಹೆಚ್ಚೇನೂ ಬಂದಿರಲಿಲ್ಲ. ಆದರೆ ಆ ಎರಡೂವರೆ ತಾಸಿನಲ್ಲಿ ಯಾರೂ ನನ್ನ ಹೆಸರು ಹಿಡಿದು ಕರೆದಿರಲಿಲ್ಲ.

ಎಲ್ಲ ದಿನವೂ ಹಾಗಿರುತ್ತಿರಲಿಲ್ಲ. ಸಂಜೆ ಐದರಿಂದ ಏಳು ಕಷ್ಟದ ಹೊತ್ತು. ಮಲಗಿದ ಬುದ್ಧನಂತೆ ಕಾಣುವ ಶಹಾಪುರದ ಗುಡ್ಡದ ಸಾಲು ನಿಧಾನವಾಗಿ ಕಪ್ಪಾಗುವಾಗ ಮನೆ ತೀರಾ ದೊಡ್ಡದೆನ್ನಿಸುತ್ತದೆ. ಹಗಲು ಜಿನ್ನಿನ ಸದ್ದಿನಲ್ಲಿ ಅವರಿಗೆ ಫೋನು ಕೇಳಿಸದು. ಅದಕ್ಕೇ ರಾತ್ರಿ ಒಂಬತ್ತು ಎಂದು ಗೊತ್ತು ಮಾಡಿಕೊಂಡಿದ್ದೆವು. ಮಾತು ಐದು ನಿಮಿಷ ದಾಟುತ್ತಿರಲಿಲ್ಲ. ‘ಉಂಡ್ಯಾ?’ ‘ಉಂಡೆ. ನೀವು?’ ‘ಅಡ್ಡಪಟ್ಟಿ ಹಾಕಿದಿ?’ ‘ಹಾಕೀನಿ.’ ಇಷ್ಟೇ. ಆದರೂ ಎಂಟೂ ಐವತ್ತರಿಂದಲೇ ಕಣ್ಣು ಗಡಿಯಾರದ ಮೇಲಿರುತ್ತಿತ್ತು.

ಸುರಪುರದಲ್ಲಿ ಟೇಲರ್ ಮಂಜಿಲ್ ನೋಡಿದವರಿಗೆ ಫಿಲಿಪ್ ಮೆಡೋಸ್ ಟೇಲರನ ಕಥೆ ಗೊತ್ತಿರುತ್ತದೆ. 1840ರ ದಶಕದಲ್ಲಿ ಬ್ರಿಟಿಷ್ ಅಧಿಕಾರಿಯಾಗಿ ಬಂದು, ತನ್ನವರಿಂದ ದೂರ ಆ ಗುಡ್ಡದ ಊರಲ್ಲಿ ವರ್ಷಗಟ್ಟಲೆ ಇದ್ದವನು. ಆಡಳಿತದ ಕೆಲಸದ ನಡುವೆಯೇ ಸುತ್ತಲಿನ ರಾಜನಕೋಳೂರು, ವಿಭೂತಿಹಳ್ಳಿಗಳ ಬೃಹತ್ ಶಿಲಾ ನೆಲೆಗಳನ್ನು ನೋಡಿ ಬರೆದಿಟ್ಟ. ಅವನಿಗೆ ಆಳುಕಾಳು ಇದ್ದರು, ಅಧಿಕಾರ ಇತ್ತು, ನನ್ನ ಬಾಡಿಗೆ ಮನೆಗೂ ಅದಕ್ಕೂ ಹೋಲಿಕೆ ಇಲ್ಲ. ನನಗೆ ಸೋಜಿಗ ಬೇರೆ. ಚಿಕ್ಕಂದಿನಿಂದ ಎಷ್ಟೋ ಜನರ ಬಾಯಲ್ಲಿ ಅವನ ಕಥೆ ಕೇಳಿದ್ದೇನೆ. ‘ಪಾಪ, ರಾತ್ರಿ ಜೋಡಿಗೆ ಯಾರು ಮಲಗ್ತಿದ್ರು?’ ಎಂದು ಒಬ್ಬರೂ ಕೇಳಿದ್ದಿಲ್ಲ. ಗಂಡಸಿನ ಏಕಾಂತದಲ್ಲಿ ಏನೋ ಕೆಲಸ ನಡೆಯುತ್ತಿದೆ ಎಂದು ಜನ ನಂಬುತ್ತಾರೆ. ಹೆಂಗಸಿನ ಏಕಾಂತ ಕಂಡರೆ ಕಾವಲಿಗೆ ಯಾರನ್ನು ಕಳಿಸೋಣ ಎನ್ನುತ್ತಾರೆ.

ನನ್ನ ಕಾವಲಿಗೆ ಬಂದವಳು ಎದುರು ಮನೆಯ ಅಜ್ಜಿ. ‘ಹೆದರಬ್ಯಾಡವ್ವ, ನಾ ಅದೀನಿ’ ಎಂದು ಮೊದಲ ವಾರ ಎರಡು ರಾತ್ರಿ ಮೊಮ್ಮಕ್ಕಳನ್ನೂ ಕರೆದುಕೊಂಡು ನಮ್ಮ ಪಡಸಾಲೆಗೇ ಬಂದು ಮಲಗಿದಳು. ಮಗ, ಸೊಸೆ ಬೆಂಗಳೂರಿನಲ್ಲಿ ಕಟ್ಟಡದ ಕೆಲಸದಲ್ಲಿದ್ದಾರೆ. ಆರನೇ ಇಯತ್ತೆಯ ಹುಡುಗಿ, ಮೂರನೇ ಇಯತ್ತೆಯ ಹುಡುಗ ಅಜ್ಜಿಯ ಹತ್ತಿರ. ಒಂದು ರಾತ್ರಿ ಮಕ್ಕಳು ಮಲಗಿದ ಮೇಲೆ ಅಜ್ಜಿ ಕತ್ತಲಲ್ಲೇ ಹೇಳಿದಳು, ‘ನಿನ್ನ ಗಂಡ ಹದಿನೈದು ದಿನಕ್ಕ ಬರ್ತಾನ. ನನ್ನ ಮಗ ಬರೋದು ಯುಗಾದಿಗೆ. ನಿನ್ನ ಮನಿ ಬರೇ ಸುಮ್ಮಗದ. ನನ್ನ ಮನಿ ಬರಿದಾಗ್ಯದ.’

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಮುಂಬೈ ಕಡೆಯಿಂದ ಬಂದ ರೈಲು ಹಳಿ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸಿನ ಹಳಿಯನ್ನು ಕೂಡಿತು. ಯಾದಗಿರಿ ಇರುವುದು ಅದೇ ಹಳಿಯ ಮೇಲೆ. ಒಂದೂವರೆ ಶತಮಾನದಿಂದ ನಮ್ಮೂರ ಮುಂದೆ ರೈಲು ಓಡುತ್ತಿದೆ. ಇವತ್ತು ಅದು ನಮ್ಮ ಜನರನ್ನು ಒಂದು ಕಡೆ ಪುಣೆ, ಮುಂಬೈಗೂ ಇನ್ನೊಂದು ಕಡೆ ಬೆಂಗಳೂರಿಗೂ ಒಯ್ಯುತ್ತದೆ. ರೈಲಿಲ್ಲದ ಶಹಾಪುರ, ಸುರಪುರದವರನ್ನು ಬಸ್ಸುಗಳು ಒಯ್ಯುತ್ತವೆ. ನಾರಾಯಣಪುರ ಜಲಾಶಯದ ಕಾಲುವೆ ನೀರು ಮುಟ್ಟಿದ ಕಡೆ ಭತ್ತ ನಿಂತಿದೆ, ಕೈಗೆ ಕೆಲಸವಿದೆ. ಮುಟ್ಟದ ಕಡೆ ಸುಗ್ಗಿ ಮುಗಿಯುತ್ತಲೇ ಮನೆಗಳಿಗೆ ಬೀಗ, ಇಲ್ಲವೇ ಬಾಗಿಲಲ್ಲಿ ಒಬ್ಬ ಮುದುಕಿ. ಗುಳೆ ಎಂದು ನಾವು ಕರೆಯುವುದು ಹೋದವರ ಪಯಣವನ್ನು. ಉಳಿದವರ ಮನೆಯ ಮೌನಕ್ಕೆ ನಮ್ಮಲ್ಲಿ ಹೆಸರೇ ಇಲ್ಲ.

ನನ್ನ ಮೌನ ನಾನು ಕೇಳಿ ಪಡೆದದ್ದು. ಅಜ್ಜಿಯದು ಅವಳ ಮೇಲೆ ಬಿದ್ದದ್ದು. ಅದು ಗೊತ್ತಾದ ಮೇಲೆ ಸಂಜೆಯ ಆ ಕಷ್ಟದ ಎರಡು ತಾಸನ್ನು ನಾನು ಅವಳ ಮನೆಗೆ ಕೊಟ್ಟೆ. ಹುಡುಗಿ ಪಾಠವನ್ನು ಗಟ್ಟಿಯಾಗಿ ಓದುತ್ತಾಳೆ, ಹುಡುಗ ಮಗ್ಗಿ ಹೇಳುತ್ತಾನೆ, ಅಜ್ಜಿ ಕಡಲೆ ಹಸನು ಮಾಡುತ್ತಾ ಕೇಳುತ್ತಾಳೆ. ಮಕ್ಕಳ ಕಲಿಕೆಯ ಬಗ್ಗೆ ಪುಸ್ತಕದಲ್ಲಿ ಓದಿದ್ದು ಅಲ್ಲಿ ಕಣ್ಣೆದುರಿಗೆ ಕಾಣಿಸಿತು. ಹಾಗೆಂದು ಬೆಳಗಿನ ಎರಡೂವರೆ ತಾಸನ್ನು ಮಾತ್ರ ಯಾರಿಗೂ ಬಿಟ್ಟುಕೊಡಲಿಲ್ಲ. ಅಜ್ಜಿಯೇ ಅದಕ್ಕೆ ಕಾವಲು ನಿಂತಳು. ಯಾರಾದರೂ ನಮ್ಮ ಬಾಗಿಲಿಗೆ ಬಂದರೆ ಎದುರು ಕಟ್ಟೆಯಿಂದಲೇ ಕೂಗುತ್ತಿದ್ದಳು, ‘ಆಕಿ ಪರೀಕ್ಷಾಕ್ಕ ಕುಂತಾಳ, ಒಂದಕ್ಕ ಬರ್ರಿ!’

ಇದನ್ನು ಓದುತ್ತಿರುವ ಗೆಳತಿಯರೇ, ನಿಮ್ಮ ಮನೆಯೂ ಒಂದಷ್ಟು ದಿನ ಸುಮ್ಮನಾಗಬಹುದು. ಗಂಡ ಟೂರಿಗೆ ಹೋಗಬಹುದು, ರೂಮ್‌ಮೇಟ್ ಊರಿಗೆ ಹೋಗಬಹುದು. ಆ ದಿನಗಳನ್ನು ರೀಲ್ಸು ನುಂಗದಿರಲಿ. ಮೊದಲು ಬಾಗಿಲು ಭದ್ರ ಮಾಡಿಕೊಳ್ಳಿ, ನೆರೆಮನೆಯ ಒಬ್ಬರಿಗಾದರೂ ಹೇಳಿಡಿ, ಸರಿಯಾಗಿ ಉಣ್ಣಿ. ಆಮೇಲೆ ಬಹಳ ದಿನದಿಂದ ಅರ್ಧಕ್ಕೆ ನಿಂತ ಒಂದೇ ಒಂದು ಕೆಲಸ ಹಿಡಿದು ಕೂರಿ. ಗೆಳೆಯರಿಗೂ ಒಂದು ಮಾತು. ಮನೆಯಲ್ಲಿ ಅಕ್ಕನೋ ತಂಗಿಯೋ ಹೆಂಡತಿಯೋ ಪುಸ್ತಕ ಹಿಡಿದು ಕೂತಿದ್ದರೆ, ಎರಡೂವರೆ ತಾಸು ಬಾಗಿಲಲ್ಲಿ ನಮ್ಮ ಅಜ್ಜಿಯಂತೆ ಕೂರಿ. ಅದಕ್ಕೆ ಖರ್ಚೇನೂ ಇಲ್ಲ.

ಟಿಇಟಿ ಪಾಸಾಗಿದೆ. ಈಗ ನೇಮಕಾತಿ ಪರೀಕ್ಷೆಯ ತಯಾರಿ. ಸಂವಿಧಾನದ 371(ಜೆ) ವಿಧಿಯಿಂದಾಗಿ ನಮ್ಮ ಭಾಗದ ಸ್ಥಳೀಯ ವೃಂದದ ‘ಸಿ’ ದರ್ಜೆ ಹುದ್ದೆಗಳಲ್ಲಿ ಶೇ 80 ಇಲ್ಲಿಯವರಿಗೇ ಮೀಸಲು. ಆಸೆ ಇಟ್ಟುಕೊಳ್ಳಲು ಅಷ್ಟು ಸಾಕು. ಕೆಲಸ ಸಿಕ್ಕರೆ ಹುಣಸಗಿ ಕಡೆಯ ಹಳ್ಳಿಗೋ, ಗುರುಮಠಕಲ್ ಕಡೆಯ ತಾಂಡಾಕ್ಕೋ ಹೋಗಬೇಕಾದೀತು. ಹತ್ತಿಯ ಹಂಗಾಮು ಇಲ್ಲದ ತಿಂಗಳುಗಳಲ್ಲಿ ಸುಮ್ಮಗಿನ ಮನೆ ನಮ್ಮವರ ಪಾಲಿಗೆ ಬರುತ್ತದೆ. ಆಗ ಅವರೂ ಬ್ರೆಡ್ಡು ತಿಂದು ಮಲಗಬಾರದೆಂದು ಈಗಿನಿಂದಲೇ ರೊಟ್ಟಿ ಬಡಿಯಲು ಕಲಿಸುತ್ತಿದ್ದೇನೆ. ರೋಲರ್ ನಯ ಮಾಡುವ ಕೈ, ಹಿಟ್ಟಿನ ಮುಂದೆ ಮಾತ್ರ ತಡವರಿಸುತ್ತದೆ. ಕಳೆದ ಭಾನುವಾರ ಬಡಿದದ್ದು ಒಂದು ಕಡೆ ದಪ್ಪ, ಒಂದು ಕಡೆ ಹರಿದಿತ್ತು. ಹಿಂಡಿ ಹಚ್ಚಿಕೊಂಡು ಇಬ್ಬರೂ ಅದನ್ನೇ ತಿಂದೆವು.